ಬೆಳೆಯುವ ಮಗು, ತಟ್ಟೆಯ ಅನ್ನ

(ನೇಸರಗಿಯಲ್ಲಿ ‘ಟೋಸ್ಟ್’ ಚಲನಚಿತ್ರದ ಪ್ರದರ್ಶನದ ನಂತರ ನೀಡಿದ ಉಪನ್ಯಾಸದ ಬರಹರೂಪ)



ಕೃಷಿ ವಿಜ್ಞಾನದವನನ್ನು ಕರೆದು ಸಿನಿಮಾದ ಬಗ್ಗೆ ಮಾತನಾಡಿಸುವುದು ವಾಡಿಕೆಯಲ್ಲ. ಬೆಳೆ, ಮಣ್ಣು, ಕೀಟಗಳ ಬಗ್ಗೆ ಕೇಳಿದರೆ ಒಂದಿಷ್ಟು ಹೇಳಬಲ್ಲೆ. ಸಿನಿಮಾದ ಕಲೆಯನ್ನು ವಿಮರ್ಶಿಸುವ ಅಧಿಕಾರ ನನಗಿಲ್ಲ. ಆದರೂ ಈ ಆಹ್ವಾನವನ್ನು ಒಪ್ಪಿಕೊಂಡೆ. ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಕೊನೆಗೆ ತೀರ್ಮಾನಿಸುವುದು ಊಟದ ತಟ್ಟೆ. ತಟ್ಟೆಯಲ್ಲಿ ಏನಿರಬೇಕೆಂಬುದು ತೀರ್ಮಾನವಾಗುವುದು ಬಾಲ್ಯದಲ್ಲಿ. ಹತ್ತು ವರ್ಷದೊಳಗೆ ನಾಲಿಗೆಗೆ ಹತ್ತಿದ ರುಚಿಯನ್ನು ಮನುಷ್ಯ ಜೀವನವಿಡೀ ಹುಡುಕುತ್ತಾನೆ. ಆ ವಯಸ್ಸಿನಲ್ಲಿ ಅಪರಿಚಿತವಾಗಿ ಉಳಿದ ಧಾನ್ಯಕ್ಕೆ ಮುಂದೆ ಮಾರುಕಟ್ಟೆಯೂ ಇರುವುದಿಲ್ಲ, ಬೀಜವೂ ಉಳಿಯುವುದಿಲ್ಲ. ಆದ್ದರಿಂದ ಒಬ್ಬ ಹುಡುಗ ಏನು ಉಂಡು ಬೆಳೆದ ಎಂಬ ಕಥೆ ಕೃಷಿ ವಿಜ್ಞಾನಕ್ಕೂ ಸಂಬಂಧಿಸಿದ ಕಥೆಯೇ.

ಒಬ್ಬ ಹುಡುಗನ ಹಸಿವು

ಈಗ ತಾವು ನೋಡಿದ ‘ಟೋಸ್ಟ್’ ಇಂಗ್ಲೆಂಡಿನ ಆಹಾರ ಬರಹಗಾರ ನೈಜೆಲ್ ಸ್ಲೇಟರ್ ಅವರ ಬಾಲ್ಯದ ಕಥೆ. ಅವರು 2003ರಲ್ಲಿ ಪ್ರಕಟಿಸಿದ ಆತ್ಮಕಥನವನ್ನು ಆಧರಿಸಿ ಲೀ ಹಾಲ್ ಚಿತ್ರಕಥೆ ಬರೆದರು, ಎಸ್. ಜೆ. ಕ್ಲಾರ್ಕ್‌ಸನ್ ನಿರ್ದೇಶಿಸಿದರು. 2010ರ ಡಿಸೆಂಬರ್ ಕೊನೆಯಲ್ಲಿ ಬಿಬಿಸಿ ದೂರದರ್ಶನದಲ್ಲಿ ಅದು ಮೊದಲು ಪ್ರಸಾರವಾಯಿತು.

ಕಥೆ ಸರಳವಾದದ್ದು. 1960ರ ದಶಕದ ವುಲ್ವರ್‌ಹ್ಯಾಂಪ್ಟನ್ ಪಟ್ಟಣ. ಮನೆಯಲ್ಲಿ ಅನುಕೂಲವಿದೆ, ಆದರೆ ತಾಯಿಗೆ ಅಡುಗೆ ಬಾರದು. ಡಬ್ಬಿಗಳನ್ನೇ ನೀರಿನಲ್ಲಿಟ್ಟು ಕುದಿಸುತ್ತಾಳೆ. ಅದೂ ಕೆಟ್ಟಾಗ ಬ್ರೆಡ್ಡು ಸುಟ್ಟು ಬೆಣ್ಣೆ ಸವರಿ ಕೊಡುತ್ತಾಳೆ. ಆ ಬ್ರೆಡ್ಡಿನ ತುಣುಕಿನಲ್ಲಿ ಮಗನಿಗೆ ತಾಯಿಯ ಪ್ರೀತಿ ಸಿಗುತ್ತದೆ. ಹುಡುಗನಿಗೆ ಒಂಬತ್ತು ವರ್ಷವಾದಾಗ ಉಬ್ಬಸದ ಕಾಯಿಲೆಯಿಂದ ತಾಯಿ ತೀರಿಕೊಳ್ಳುತ್ತಾಳೆ. ಮನೆಗೆಲಸಕ್ಕೆ ಬಂದ ಶ್ರೀಮತಿ ಪಾಟರ್ ಮಲತಾಯಿಯಾಗುತ್ತಾಳೆ. ಅವಳದು ಅದ್ಭುತವಾದ ಕೈಗುಣ. ಅಂದಿನಿಂದ ತಂದೆಯ ಪ್ರೀತಿಗಾಗಿ ಇವರಿಬ್ಬರ ನಡುವೆ ಅಡುಗೆಮನೆಯಲ್ಲೇ ಪೈಪೋಟಿ ನಡೆಯುತ್ತದೆ. ಕೊನೆಗೆ ತಂದೆಯೂ ಇಲ್ಲವಾದ ಮೇಲೆ ಹುಡುಗ ಲಂಡನ್ನಿನ ಸೆವಾಯ್ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಕೇಳುತ್ತಾನೆ. ಅಲ್ಲಿ ಅವನಿಗೆ ಕೆಲಸ ಕೊಡುವ ಬಾಣಸಿಗನ ಪಾತ್ರದಲ್ಲಿ ನಿಜವಾದ ನೈಜೆಲ್ ಸ್ಲೇಟರ್ ಅವರೇ ಕಾಣಿಸಿಕೊಂಡಿದ್ದಾರೆ.

ಇದು ನೆನಪಿನಿಂದ ಕಟ್ಟಿದ ಕಥೆ ಎಂಬುದನ್ನು ಮರೆಯಬಾರದು. ಮಲತಾಯಿಯ ಹೆಣ್ಣುಮಕ್ಕಳು ತಮ್ಮ ತಾಯಿಯ ಚಿತ್ರಣವನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಬಾಯಿಗೆ ರುಚಿಯಾಗಿ ಬಡಿಸಿದವಳು ಖಳನಾಯಕಿಯಾಗಿದ್ದಾಳೆ, ಡಬ್ಬಿಯ ಊಟ ಕೊಟ್ಟವಳು ದೇವತೆಯಾಗಿದ್ದಾಳೆ. ಬಾಲ್ಯದ ಊಟದ ನೆನಪು ಅಷ್ಟು ಪಕ್ಷಪಾತಿಯಾದದ್ದು. ಪೌಷ್ಟಿಕತೆಯ ಪಟ್ಟಿ ಹಿಡಿದು ಮಕ್ಕಳ ಮುಂದೆ ನಿಲ್ಲುವ ನನ್ನಂಥವರು ಇದರಿಂದ ಕಲಿಯಬೇಕಾದದ್ದಿದೆ. ಒಂದು ಧಾನ್ಯ ಶ್ರೇಷ್ಠವೆಂದು ಹೇಳಿದ ಮಾತ್ರಕ್ಕೆ ಮಗು ಅದನ್ನು ಒಲಿಯುವುದಿಲ್ಲ. ಯಾರ ಕೈಯಿಂದ, ಯಾವ ಮಾತಿನ ಜೊತೆಗೆ ಅದು ತಟ್ಟೆಗೆ ಬಿತ್ತೆಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ.

ಈ ಡಬ್ಬಿಗಳ ಹಿಂದೆ ಒಂದು ಚರಿತ್ರೆಯೂ ಇದೆ. ಎರಡನೆಯ ಮಹಾಯುದ್ಧದಲ್ಲಿ 1940ರಲ್ಲಿ ಆರಂಭವಾದ ಆಹಾರ ಪಡಿತರ ಬ್ರಿಟನ್ನಿನಲ್ಲಿ ಪೂರ್ತಿಯಾಗಿ ಮುಗಿದದ್ದು 1954ರಲ್ಲಿ. ಹದಿನಾಲ್ಕು ವರ್ಷ ಎಣಿಸಿ ತೂಗಿ ಉಂಡ ಸಮಾಜಕ್ಕೆ ಡಬ್ಬಿ ಮತ್ತು ಪೊಟ್ಟಣಗಳು ಸಮೃದ್ಧಿಯ ಗುರುತಾಗಿ ಕಂಡವು. ಆ ತಾಯಿ ಸೋಮಾರಿಯಲ್ಲ. ತನ್ನ ಕಾಲದ ಮಾತನ್ನು ನಂಬಿದವಳು. ಇಂದು ನಮ್ಮ ಹಳ್ಳಿಗಳ ಪ್ರತಿ ಅಂಗಡಿಯ ಬಾಗಿಲಲ್ಲೂ ಬಣ್ಣದ ಪೊಟ್ಟಣಗಳ ಸರಮಾಲೆ ತೂಗುತ್ತಿದೆ. ಐದು ರೂಪಾಯಿ ಕೊಟ್ಟು ಕಳಿಸುವ ತಾಯಿಯನ್ನು ಬೈಯುವ ಮುನ್ನ, ಅವಳಿಗೆ ಈ ಪೊಟ್ಟಣವೇ ನಾಗರಿಕತೆಯೆಂದು ನಂಬಿಸಿದವರು ಯಾರೆಂದು ಕೇಳಬೇಕು.

ನಮ್ಮ ತೆರೆಯ ಮೇಲಿನ ಮಕ್ಕಳು

ಕನ್ನಡದಲ್ಲಿ ಇಂಥ ಚಿತ್ರ ಯಾವುದಿದೆ? ಊಟದ ಮೂಲಕವೇ ಒಂದು ಬಾಲ್ಯವನ್ನು ಹೇಳಿದ ಜೀವನಚರಿತ್ರೆಯ ಚಿತ್ರ ನಮ್ಮಲ್ಲಿ ನನ್ನ ನೆನಪಿಗೆ ಬರುತ್ತಿಲ್ಲ. ಹತ್ತಿರದ್ದೆಂದರೆ ಎನ್. ಲಕ್ಷ್ಮೀನಾರಾಯಣ ನಿರ್ದೇಶನದ, 1985ರ ‘ಬೆಟ್ಟದ ಹೂವು’. ಶರ್ಲಿ ಅರೋರಾ ಎಂಬ ಅಮೆರಿಕನ್ ಲೇಖಕಿಯ ಕಾದಂಬರಿ ಅದರ ಮೂಲ. ರಾಮುವಿನ ಪಾತ್ರಕ್ಕಾಗಿ ಬಾಲಕ ಪುನೀತ್ ರಾಜಕುಮಾರ್ ರಾಷ್ಟ್ರಪ್ರಶಸ್ತಿ ಪಡೆದರು.

ಬಡತನದಿಂದಾಗಿ ಶಾಲೆ ಬಿಡಬೇಕಾಗಿ ಬಂದ ಹುಡುಗ ರಾಮು. ಅವನಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಬೆಟ್ಟಗಳಲ್ಲಿ ಅಲೆದು ಸೀತಾಳೆ ಜಾತಿಯ ಹೂಗಳನ್ನು ತಂದು ಸಸ್ಯಾಧ್ಯಯನಕ್ಕೆ ಬಂದ ವಿದೇಶಿ ಮಹಿಳೆಗೆ ಕೊಟ್ಟು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಪುಸ್ತಕದ ಆಸೆಯನ್ನು ಬದಿಗಿಟ್ಟು, ಚಳಿಯಲ್ಲಿ ನಡುಗುವ ಮನೆಮಂದಿಗೆ ಕಂಬಳಿ ಕೊಂಡು ತರುತ್ತಾನೆ. ಹುಡುಗ ದೊಡ್ಡವನಾದದ್ದು ಆ ಕ್ಷಣದಲ್ಲಿ.

ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ನೈಜೆಲ್‌ನ ಮನೆಯಲ್ಲಿ ಉಣ್ಣಲು ಕೊರತೆಯಿಲ್ಲ, ಅವನ ಹಸಿವು ಪ್ರೀತಿಯದು. ರಾಮುವಿನ ಮನೆಯಲ್ಲಿ ಪ್ರೀತಿಗೆ ಕೊರತೆಯಿಲ್ಲ, ಅಲ್ಲಿಯ ಕೊರತೆ ಅನ್ನ ಬಟ್ಟೆಯದು. ಒಬ್ಬನು ಮನೆ ಬಿಟ್ಟು ಹೋಗಿ ಬೆಳೆದ, ಇನ್ನೊಬ್ಬನು ಮನೆಯ ಭಾರ ಹೊತ್ತು ಬೆಳೆದ. ನಮ್ಮ ನಾಡಿನ ಹೆಚ್ಚಿನ ಮಕ್ಕಳು ಎರಡನೆಯ ದಾರಿಯಲ್ಲೇ ಬೆಳೆದವರು. ರಾಮುವಿನ ತ್ಯಾಗವನ್ನು ಕೊಂಡಾಡುವಾಗ ಒಂದು ಪ್ರಶ್ನೆಯನ್ನು ಮಾತ್ರ ಉಳಿಸಿಕೊಳ್ಳಬೇಕು. ಪುಸ್ತಕ ಮತ್ತು ಕಂಬಳಿಗಳ ನಡುವೆ ಒಂದನ್ನು ಆರಿಸುವ ಹೊಣೆ ಒಂದು ಮಗುವಿನ ಮೇಲೆ ಬೀಳಬೇಕೇ?

ಘಟ್ಟದ ಕಡೆಯಿಂದ ಬಂದವನಾಗಿ ಆ ಹೂಗಳ ಬಗ್ಗೆಯೂ ಒಂದು ಮಾತು. ಸೀತಾಳೆಗಳ ಬೀಜ ಧೂಳಿನಷ್ಟು ಸಣ್ಣದು. ಒಳಗೆ ಆಹಾರದ ಸಂಗ್ರಹವಿಲ್ಲ. ಮೊಳೆಯಬೇಕಾದರೆ ತಕ್ಕ ಶಿಲೀಂಧ್ರವೊಂದು ಅದಕ್ಕೆ ಉಣಿಸಬೇಕು. ಕೋಟಿಗಟ್ಟಲೆ ಬೀಜಗಳಲ್ಲಿ ಎಲ್ಲೋ ಕೆಲವು ಗಿಡವಾಗುತ್ತವೆ, ಅವು ಹೂ ಬಿಡಲು ವರ್ಷಗಳೇ ಬೇಕು. ಇಂದು ಈ ಕುಟುಂಬದ ಸಸ್ಯಗಳೆಲ್ಲವೂ ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಬೆಟ್ಟದ ಬಡತನವನ್ನು ಬೆಟ್ಟವನ್ನೇ ಬರಿದು ಮಾಡಿ ನೀಗಿಸಲಾಗದು. ರಾಮುವಿನ ತಿಳಿವಳಿಕೆಗೆ, ಅಂದರೆ ಯಾವ ಮರದ ಯಾವ ಕೊಂಬೆಯಲ್ಲಿ ಯಾವ ತಿಂಗಳು ಹೂವೆಂಬ ಅರಿವಿಗೆ, ಬೆಲೆ ಸಿಕ್ಕಿದ್ದರೆ ಹುಡುಗನೂ ಉಳಿಯುತ್ತಿದ್ದ, ಹೂವೂ ಉಳಿಯುತ್ತಿತ್ತು.

ನಿಮ್ಮ ಸೀಮೆಗೆ ಹತ್ತಿರವಾದ ಇನ್ನೊಂದು ಚಿತ್ರ ಪಿ. ಶೇಷಾದ್ರಿ ಅವರ ‘ಡಿಸೆಂಬರ್-1’. ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳು, ಗಿರಣಿಯಲ್ಲಿ ದುಡಿಯುವ ಅವಳ ಗಂಡ. ಮುಖ್ಯಮಂತ್ರಿಗಳ ಗ್ರಾಮವಾಸ್ತವ್ಯಕ್ಕೆ ಅವರ ಮನೆ ಆಯ್ಕೆಯಾಗುತ್ತದೆ. ಆ ಸಂಭ್ರಮ ಮುಗಿಯುತ್ತಿದ್ದಂತೆ ದಂಪತಿಗಳ ಎಚ್‌ಐವಿ ಸೋಂಕಿನ ಸುದ್ದಿ ಲೋಕಕ್ಕೆಲ್ಲ ತಿಳಿದು ಅವರ ಬದುಕು ಕುಸಿಯುತ್ತದೆ. ರೊಟ್ಟಿಯಿಂದ ಆ ಸೋಂಕು ಹರಡುವುದಿಲ್ಲ. ಆದರೂ ಅವಳ ಕೈಯ ರೊಟ್ಟಿ ಯಾರಿಗೂ ಬೇಡವಾಗುತ್ತದೆ. ಅನ್ನದ ಜೊತೆಗೆ ಅಂಜಿಕೆ, ಮೈಲಿಗೆ, ಮರ್ಯಾದೆಗಳೂ ತಟ್ಟೆಗೆ ಬರುತ್ತವೆ ಎಂಬುದನ್ನು ಈ ಚಿತ್ರ ತೋರಿಸಿತು.

ಎರೆಭೂಮಿಯ ಬಾಲ್ಯ

ಇನ್ನು ನೇಸರಗಿಗೆ ಬರೋಣ. ಈ ಭಾಗದ ಹಿರಿಯರೊಬ್ಬರ ಬಾಲ್ಯವನ್ನು ಯಾರಾದರೂ ಚಿತ್ರವಾಗಿಸಿದರೆ ಅದರಲ್ಲಿ ಏನೇನಿರುತ್ತದೆ?

ನಾಗರಪಂಚಮಿಗೆ ಜೋಳದ ಅಳ್ಳು, ತಂಬಿಟ್ಟು, ಬಗೆಬಗೆಯ ಉಂಡಿ. ಅಳ್ಳಿಗೆ ಎಲ್ಲ ಜೋಳವೂ ಬಾರದು. ಗಟ್ಟಿ ಕಾಳಿನ, ಬಾಣಲೆಯಲ್ಲಿ ಮಲ್ಲಿಗೆಯಂತೆ ಅರಳುವ ತಳಿಯೇ ಬೇಕು. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಭೂಮಿತಾಯಿಗೆ ಉಣಿಸಿದ ಮೇಲೆ ತಾವು ಉಣ್ಣುವುದು. ತೆನೆ ಹಾಲುಗಟ್ಟಿ ಇನ್ನೂ ಬಲಿಯದಿರುವಾಗ ಕುಳ್ಳಿನ ಕೆಂಡದಲ್ಲಿ ಸುಟ್ಟು, ಉಜ್ಜಿ, ಬಿಸಿಬಿಸಿಯಾಗಿ ತಿನ್ನುವ ಸೀತನಿ. ಅದಕ್ಕೂ ಸಿಹಿ ಕಾಳಿನ ಬೇರೆ ತಳಿಯೇ ಇದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ದಿನನಿತ್ಯಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಝುಣಕ. ಅಗಸಿ, ಗುರೆಳ್ಳು, ಶೇಂಗಾ ಹಿಂಡಿ. ಒಂದು ಊರಿನ ಮಗು ಒಂದು ವರ್ಷದಲ್ಲಿ ಒಂದೇ ಜೋಳವನ್ನು ಅಳ್ಳಾಗಿ, ಸೀತನಿಯಾಗಿ, ರೊಟ್ಟಿಯಾಗಿ, ನುಚ್ಚಾಗಿ, ಅಂಬಲಿಯಾಗಿ ಕಾಣುತ್ತಿತ್ತು. ರುಚಿಗೊಂದು ತಳಿ ಇದ್ದುದರಿಂದ ತಳಿವೈವಿಧ್ಯವನ್ನು ಉಳಿಸಲು ಬೇರೆ ಯೋಜನೆಯ ಅಗತ್ಯವಿರಲಿಲ್ಲ. ಹಬ್ಬವೇ ಬೀಜಭಂಡಾರವಾಗಿತ್ತು.

ಈ ಊಟದ ಹಿಂದಿನ ಲೆಕ್ಕವನ್ನು ನೋಡಿ. ಜೋಳದಲ್ಲಿ ಸುಮಾರು ನೂರಕ್ಕೆ ಹತ್ತರಷ್ಟು ಪ್ರೋಟೀನು ಇದೆ, ನಾರಿದೆ. ಆದರೆ ಲೈಸಿನ್ ಎಂಬ ಅಂಶ ಕಡಿಮೆ. ಕಡಲೆ, ತೊಗರಿ, ಹೆಸರಿನಂಥ ದ್ವಿದಳಗಳಲ್ಲಿ ಅದು ಹೆಚ್ಚು. ಝುಣಕದ ಜೊತೆ ರೊಟ್ಟಿ ಮುರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅಗಸಿಯಲ್ಲಿ ದೇಹಕ್ಕೆ ಬೇಕಾದ ಒಮೇಗಾ-3 ಕೊಬ್ಬು ಇದೆ. ಹೊಲದಲ್ಲಿಯೂ ಇದೇ ಜೋಡಿ. ಹಿಂಗಾರಿ ಜೋಳದ ನಡುವೆ ಕಡಲೆ, ಕುಸುಬಿಯ ಅಕ್ಕಡಿ ಸಾಲುಗಳು. ಕಡಲೆಯ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಮುಂಗಾರಿನ ಕೊನೆಯ ಮಳೆಯ ತೇವವನ್ನು ಎರೆಮಣ್ಣು ಹಿಡಿದಿಟ್ಟುಕೊಂಡರೆ, ಅಷ್ಟರಲ್ಲೇ ನಾಲ್ಕು ತಿಂಗಳಿಗೆ ಜೋಳ ಕೈಗೆ ಬರುತ್ತದೆ. ಕಾಳು ಮನುಷ್ಯರಿಗೆ, ಕಣಿಕೆ ದನಗಳಿಗೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಹೆಚ್ಚಾದ ಕಾಳು ಹಗೇವಿಗೆ. ಮಾಲದಂಡಿ ಎಂದು ನೀವು ಕರೆಯುವ ಎಂ-35-1 ತಳಿಯೂ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದ ಆಯ್ದು ತೆಗೆದದ್ದು. ರೊಟ್ಟಿಯ ರುಚಿಯನ್ನು ರೈತರು ಬಿಟ್ಟುಕೊಡದ ಕಾರಣ ಅದು ಇಷ್ಟು ದಶಕ ಹೊಲದಲ್ಲಿ ಉಳಿಯಿತು.

ಜೋಳ ಏಕೆ ಹಿಂದೆ ಸರಿಯಿತು?

1960ರ ದಶಕದಲ್ಲಿ ಭಾರತದಲ್ಲಿ ಸುಮಾರು ಒಂದು ಕೋಟಿ ಎಂಬತ್ತು ಲಕ್ಷ ಹೆಕ್ಟೇರಿನಲ್ಲಿದ್ದ ಜೋಳ ಈಗ ಸುಮಾರು ನಲವತ್ತು ಲಕ್ಷ ಹೆಕ್ಟೇರಿಗೆ ಇಳಿದಿದೆ. ಈ ಸೀಮೆಯಲ್ಲಿಯೂ ಸೋಯಾಬೀನು, ಗೋವಿನಜೋಳ, ಕಬ್ಬು ಅದರ ಜಾಗಕ್ಕೆ ಬಂದಿವೆ. ನವಿಲುತೀರ್ಥದ ಅಣೆಕಟ್ಟೆಯ ನಂತರ ಮಲಪ್ರಭೆಯ ನೀರು ಹರಿದ ಕಡೆಗಳಲ್ಲಿ ಬೆಳೆಯ ಚಿತ್ರವೇ ಬದಲಾಯಿತು. ರೈತನನ್ನು ಇದಕ್ಕಾಗಿ ದೂಷಿಸುವುದು ತಪ್ಪು. ಖರೀದಿಯ ಖಾತ್ರಿ ಇದ್ದ ಬೆಳೆಯನ್ನು ಅವನು ಆರಿಸಿಕೊಂಡ.

ಅಕ್ಕಿಯನ್ನೂ ಹೀಗಳೆಯಬಾರದು. 2013ರಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ಕೂಲಿಯವರ ಮನೆಯ ಒಲೆ ಹಸಿವಿನ ಅಂಜಿಕೆಯಿಲ್ಲದೆ ಉರಿಯಿತು. ಹಸಿವನ್ನು ಕಂಡವರಿಗೆ ಅದರ ಬೆಲೆ ಗೊತ್ತಿದೆ. ರೊಟ್ಟಿಯನ್ನು ಹಾಡಿ ಹೊಗಳುವ ಗಂಡಸರು ಇನ್ನೊಂದನ್ನೂ ಯೋಚಿಸಬೇಕು. ಬೆಳಗಿನ ಜಾವ ಎದ್ದು, ಹೊಗೆಯಲ್ಲಿ ಕುಳಿತು, ಇಡೀ ಮನೆಗೆ ರೊಟ್ಟಿ ಬಡಿದು, ಮತ್ತೆ ಹೊಲದ ಕೆಲಸಕ್ಕೆ ಹೋಗುತ್ತಿದ್ದವಳು ಹೆಣ್ಣುಮಗಳು. ಅನ್ನಕ್ಕಿಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಜೋಳ ತಟ್ಟೆಯಿಂದ ಸರಿಯಲು ಆ ದಣಿವೂ ಒಂದು ಕಾರಣ. ಜೋಳ ಮರಳಿ ಬರಬೇಕಾದರೆ ಆ ದಣಿವನ್ನು ಮತ್ತೆ ಅವಳ ರಟ್ಟೆಗೆ ಹೊರಿಸುವಂತಿಲ್ಲ. ರೊಟ್ಟಿ ಯಂತ್ರ ಬರಲಿ, ಸ್ವಸಹಾಯ ಸಂಘಗಳು ಕೂಲಿ ಪಡೆದು ರೊಟ್ಟಿ ಮಾಡಲಿ, ಗಂಡುಮಕ್ಕಳೂ ಕೊಣಮಿಗೆಯ ಮುಂದೆ ಕೂರಲಿ. ‘ಟೋಸ್ಟ್’ ಚಿತ್ರದ ಹುಡುಗ ಅಡುಗೆ ಕಲಿತದ್ದನ್ನು ನೋಡಿ ತಾವು ನಕ್ಕಿರಿ. ನಮ್ಮ ಎಷ್ಟು ಗಂಡುಮಕ್ಕಳಿಗೆ ಒಂದು ರೊಟ್ಟಿ ತಟ್ಟಲು ಬರುತ್ತದೆ?

ಶಾಲೆಯ ತಟ್ಟೆ

ಇಂದು ಲಕ್ಷಾಂತರ ಮಕ್ಕಳು ಶಾಲಾ ದಿನಗಳ ಮಧ್ಯಾಹ್ನ ಉಣ್ಣುವುದು ಶಾಲೆಯಲ್ಲಿ. ಬೇಯಿಸಿದ ಊಟವನ್ನೇ ಕೊಡಬೇಕೆಂದು 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆಗೂ ಹಬ್ಬಿತು. 2013ರಲ್ಲಿ ಹಾಲು ಸೇರಿತು. ಮೊಟ್ಟೆ ಸೇರಲು ದೀರ್ಘ ವಿವಾದವೇ ನಡೆಯಿತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಆರಂಭವಾಗಿ, 2024ರಲ್ಲಿ ರಾಜ್ಯದಾದ್ಯಂತ ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿತು. ಬೇಡವೆಂದವರಿಗೆ ಬಾಳೆಹಣ್ಣು ಉಂಟು. ಜಾತಿಭೇದವಿಲ್ಲದೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದನ್ನು ಕಲಿಸಿದ್ದೂ ಈ ಊಟದ ದೊಡ್ಡ ಸಾಧನೆ. ಹಾಗಲ್ಲದ ಕಡೆ ಅದಕ್ಕಾಗಿ ಹೋರಾಡಬೇಕು.

ಆದರೆ ಈ ತಟ್ಟೆಯಲ್ಲಿ ನೇಸರಗಿಯ ಹೊಲ ಎಲ್ಲಿದೆ? ಶಾಲೆಯ ಗೋಡೆಯಾಚೆ ಜೋಳ ತೆನೆ ಬಾಗಿ ನಿಂತಿರುವಾಗ ಒಳಗೆ ಮಗು ದೂರದ ಗೋದಾಮಿನ ಅಕ್ಕಿಯನ್ನೇ ಉಣ್ಣುತ್ತದೆ. ಸರಕಾರ ಕೊಡುವ ಊಟವೇ ದೊಡ್ಡ ಊಟ, ಮನೆಯ ರೊಟ್ಟಿ ಹಳ್ಳಿಗರ ಊಟ ಎಂಬ ಪಾಠವನ್ನು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಅದು ಕಲಿತುಬಿಡುತ್ತದೆ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನಗರಗಳ ಮಳಿಗೆಗಳಲ್ಲಿ ಸಿರಿಧಾನ್ಯದ ಬೆಲೆ ಏರಿತು. ಅದನ್ನು ಬೆಳೆಯುವವರ ಮಕ್ಕಳ ತಟ್ಟೆಗೆ ಅದು ಮರಳದಿದ್ದರೆ ಆ ಆಚರಣೆಯಿಂದ ಎರೆಭೂಮಿಗೆ ದಕ್ಕಿದ್ದೇನು?

ಘಟ್ಟದ ಮೇಲೆಯೂ ಇದೇ ಕಥೆ. ಹಲಸಿನ ಹಪ್ಪಳ, ಕೆಸುವಿನ ಪತ್ರೊಡೆ, ಕಳಲೆ, ಅಪ್ಪೆಮಿಡಿ, ಒಂದೆಲಗದ ತಂಬುಳಿ ಇವೆಲ್ಲ ಮಕ್ಕಳ ಬುತ್ತಿಯಿಂದ ಜಾರುತ್ತಿವೆ. ಹೆಸರು ಮರೆತ ಸೊಪ್ಪಿನ ಜಾಗವನ್ನು ಕಳೆನಾಶಕ ಆಕ್ರಮಿಸಿಕೊಳ್ಳುತ್ತದೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ. ಆ ಕಾಡಿನ ಮಕ್ಕಳು ಕಾಡಿನ ಊಟವನ್ನು ಮರೆತರೆ ಕಾಡು ಅವರಿಗೆ ಬರೀ ಮರಮುಟ್ಟಾಗುತ್ತದೆ. ಕಾಡು ಹೋದರೆ ನಿಮ್ಮ ಹೊಳೆಗೆ ನೀರು ಎಲ್ಲಿಂದ ಬರಬೇಕು? ಬೆಟ್ಟದ ತಟ್ಟೆಗೂ ಬಯಲಿನ ತಟ್ಟೆಗೂ ಇರುವ ಈ ನಂಟನ್ನು ನೆನಪಿಸುವುದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು.

ಮೂರು ಬಿನ್ನಹಗಳು

ಮೊದಲನೆಯದು ಶಾಲಾಭಿವೃದ್ಧಿ ಸಮಿತಿಗಳಿಗೆ. ವಾರಕ್ಕೊಂದು ದಿನವಾದರೂ ಊರಿನ ಹೊಲದ ಜೋಳ ಊರಿನ ಶಾಲೆಯಲ್ಲಿ ಬೇಯಲಿ. ನೂರಾರು ರೊಟ್ಟಿ ಬಡಿಯುವುದು ಅಡುಗೆಯವರಿಗೆ ಕಷ್ಟವಾದರೆ ನುಚ್ಚು, ಕಿಚಡಿ, ಅಳ್ಳಿನ ಉಂಡಿ ಆಗಬಹುದು. ರೊಟ್ಟಿಯೇ ಬೇಕಾದರೆ ಊರಿನ ಮಹಿಳಾ ಸಂಘಕ್ಕೆ ಹಣ ಕೊಟ್ಟು ಮಾಡಿಸಿರಿ, ಪುಕ್ಕಟೆ ದುಡಿಸಬೇಡಿ.

ಎರಡನೆಯದು ರೈತರಿಗೆ. ಕಬ್ಬು, ಸೋಯಾ ಬೆಳೆಯುವವರೂ ಮನೆಗಾಗಿ ಒಂದಿಷ್ಟು ಜೋಳವನ್ನು ಅಕ್ಕಡಿಯೊಂದಿಗೆ ಬಿತ್ತಿರಿ. ಅಳ್ಳಿನ ಜೋಳ, ಸೀತನಿ ಜೋಳದ ಬೀಜ ಯಾರ ಮನೆಯಲ್ಲಿದೆಯೆಂದು ಹುಡುಕಿ ನಾಲ್ಕು ಸಾಲಾದರೂ ಹಾಕಿರಿ. ಹಾಲುಗಾಳಿಗೆ ಹಕ್ಕಿಗಳು ಬರುತ್ತವೆ, ನಿಜ. ಒಬ್ಬರೇ ಹಾಕಿದರೆ ಎಲ್ಲವೂ ಹಕ್ಕಿಯ ಪಾಲು, ಹತ್ತು ಜನ ಹಾಕಿದರೆ ಹಕ್ಕಿಗೂ ಉಂಟು, ಮಕ್ಕಳಿಗೂ ಉಂಟು.

ಮೂರನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ಅಜ್ಜಿಯ ಬಳಿ ಕುಳಿತು, ಅವರು ನಿಮ್ಮ ವಯಸ್ಸಿನಲ್ಲಿ ಯಾವ ತಿಂಗಳು ಏನು ಉಣ್ಣುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಬರದ ವರ್ಷ ಏನು ತಿಂದರು, ಯಾರ ಮನೆಯಲ್ಲಿ ಉಣ್ಣಲು ಬಿಡುತ್ತಿರಲಿಲ್ಲ, ಯಾರು ಕರೆದು ಬಡಿಸಿದರು ಎಂಬುದನ್ನೂ ಕೇಳಿ. ಸಿಹಿಯ ಜೊತೆಗೆ ಕಹಿಯೂ ಬರಲಿ. ಈಗ ಬಹುತೇಕ ಮನೆಗಳಲ್ಲಿ ಚಿತ್ರ ತೆಗೆಯುವ ಫೋನು ಇದೆ. ವುಲ್ವರ್‌ಹ್ಯಾಂಪ್ಟನ್ನಿನ ಒಂದು ತುಂಡು ಬ್ರೆಡ್ಡು ನೇಸರಗಿಯವರೆಗೆ ಬಂದು ನಮ್ಮನ್ನು ಕಲಕಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಒಂದು ರೊಟ್ಟಿಯ ಕಥೆಯನ್ನು ಹೇಳಬೇಕಾದವರು ನೀವು. ಅದನ್ನು ಬಲ್ಲ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ಆಗಬೇಕು.

 ಪ್ರಶ್ನೆಗಳಿದ್ದರೆ ಕೇಳಬಹುದು. ತಾಯಂದಿರು ಮೊದಲು ಕೇಳಲಿ.